ಹಿತ್ತಲ ಕೋಣೆಯ ಏಳು ದಿನ

6 ಫೆಬ್ರವರಿ 2025, ಗುರುವಾರ

ಸೊಸೆ ಬಸುರಿಯಂತೆ. ಮೂರು ತಿಂಗಳಂತೆ.

ಮಗ ಸುದರ್ಶನ ದುದ್ದದ ತನ್ನ ಅಂಗಡಿಗೆ ಹೊರಡುವ ಮುಂಚೆ ಕಾಫಿ ಲೋಟ ಹಿಡಿದು ನಿಂತು, ಬೂಸಾ ರೇಟು ಏರಿದ ಸುದ್ದಿ ಹೇಳುವವನ ಹಾಗೆ ಹೇಳಿದ. ರೂಪಶ್ರೀ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ನಮ್ಮ ಯಜಮಾನರು ಹಾಲಿನ ಕ್ಯಾನು ಅಲ್ಲೇ ಬಿಟ್ಟು ದೇವರ ಮುಂದೆ ಕಾಯಿ ಒಡೆದರು. ಡೈರಿಗೆ ಹಾಲು ಹಾಕಲು ತಡವಾದರೂ ಅವರಿಗೆ ಪರಿವೆಯಿರಲಿಲ್ಲ. ಮದುವೆಯಾಗಿ ಎರಡು ವರ್ಷಕ್ಕೆ ಬಂತು, ಊರಿನವರು ಕೇಳಿ ಕೇಳಿ ಸುಮ್ಮನಾಗಿದ್ದರು. ನಾನೂ ಎಲ್ಲರ ಬಾಯಿಗೆ ಸಕ್ಕರೆ ಹಾಕಿದೆ.

ಆದರೆ ಮೂರು ತಿಂಗಳು ಹೇಗಾಗುತ್ತದೆ?

ನಮ್ಮ ಮನೆಯಲ್ಲಿ ಹೆಂಗಸರು ಹೊರಗಾದರೆ ಮೂರು ದಿನ ಒಳಗೆ ಬರುವುದಿಲ್ಲ. ಹಿತ್ತಲಲ್ಲಿ ಕೊಟ್ಟಿಗೆಗೆ ಅಂಟಿಕೊಂಡ ಹಾಗೆ ಒಂದು ಕೋಣೆಯಿದೆ. ಊಟ, ನಿದ್ದೆ ಎಲ್ಲ ಅಲ್ಲೇ. ನನ್ನ ಅತ್ತೆ ಕೂತರು, ನಾನು ಕೂತೆ, ಈಗ ಇವಳು ಕೂರುತ್ತಾಳೆ. ಈ ಕಾಲದಲ್ಲಿ ಇದನ್ನು ಯಾರು ಮಾಡುತ್ತಾರೆ ಎಂದು ಪಕ್ಕದ ಮನೆ ಮಾಯಮ್ಮ ಆಡಿಕೊಳ್ಳುತ್ತಾಳೆ. ಅವಳ ಮನೆ ಬೇರೆ, ನಮ್ಮ ಮನೆ ಬೇರೆ. ಸೊಸೆ ಕೂತ ದಿನಕ್ಕೆ ನಾನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಹಬ್ಬ, ಹರಕೆ ಗೊತ್ತು ಮಾಡುವಾಗ ಬೇಕಾಗುತ್ತದೆ.

ಡಿಸೆಂಬರ್ ನಾಲ್ಕಕ್ಕೆ ಚುಕ್ಕೆ ಇದೆ. ಜನವರಿ ಎರಡಕ್ಕೂ ಇದೆ. ಆ ಎರಡು ಸಲವೂ ಸುದರ್ಶನ ಅಯ್ಯಪ್ಪನ ಮಾಲೆ ಹಾಕಿದ್ದ. ಮಾಲೆ ಇರುವ ಮನೆಯಲ್ಲಿ ಹಿತ್ತಲ ಕೋಣೆಯೂ ಬೇಡ, ಅರಕಲಗೂಡಿಗೆ ಅಮ್ಮನ ಮನೆಗೆ ಹೋಗಿ ಐದು ದಿನ ಬಿಟ್ಟು ಬರುತ್ತೇನೆ ಎಂದು ಅವಳೇ ಹೇಳಿದ್ದಳು. ಎಷ್ಟು ತಿಳಿವಳಿಕೆಯ ಹುಡುಗಿ ಎಂದುಕೊಂಡಿದ್ದೆ.

ಜನವರಿಯಲ್ಲಿ ಹೊರಗಾದವಳಿಗೆ ಫೆಬ್ರವರಿಯಲ್ಲಿ ಮೂರು ತಿಂಗಳು. ನಾನು ಹೈಸ್ಕೂಲಿನವರೆಗೆ ಓದಿದವಳು. ಕೂಡುವುದು, ಕಳೆಯುವುದು ನನಗೂ ಬರುತ್ತದೆ.

9 ಫೆಬ್ರವರಿ, ಭಾನುವಾರ

ಇವತ್ತು ಆಶಾ ಕಾರ್ಯಕರ್ತೆ ಬಂದಿದ್ದಳು. ರೂಪಶ್ರೀ ತನ್ನ ಬ್ಯಾಗಿನಿಂದ ತಾಯಿ ಕಾರ್ಡು ತೆಗೆದುಕೊಟ್ಟಳು. ಅವಳು ಅದನ್ನು ನೋಡಿ ತನ್ನ ಪುಸ್ತಕಕ್ಕೆ ಬರೆದುಕೊಂಡಳು. ನೀರು ತರಲು ಸೊಸೆ ಒಳಗೆ ಹೋದಾಗ, ಕೊಡಮ್ಮ ನೋಡೋಣ ಎಂದು ನಾನು ಕಾರ್ಡು ತೆಗೆದುಕೊಂಡೆ.

ಕೊನೆಯ ಮುಟ್ಟು ನವೆಂಬರ್ ಐದು. ಹೆರಿಗೆ ಆಗಸ್ಟ್ ಹನ್ನೆರಡಕ್ಕೆ. ಮೊದಲು ತೋರಿಸಿಕೊಂಡಿದ್ದು ಡಿಸೆಂಬರ್ ಆರು, ಅರಕಲಗೂಡಿನಲ್ಲಿ.

ಹಾಗಾದರೆ ಡಿಸೆಂಬರಿನ ಚುಕ್ಕೆ, ಜನವರಿಯ ಚುಕ್ಕೆ ಎರಡೂ ಸುಳ್ಳು. ಹೊರಗಾಗದೆಯೇ ಹೊರಗಾದೆ ಎಂದು ಹೇಳಿ ಅಮ್ಮನ ಮನೆಗೆ ಹೋಗಿದ್ದಾಳೆ. ನಾನು ಕನ್ನಡಕ ಸರಿಮಾಡಿಕೊಂಡು ಕೆಳಗಿನ ಸಾಲು ಓದಿದೆ. ಎಷ್ಟನೇ ಬಸಿರು ಎನ್ನುವ ಕಡೆ 2 ಎಂದಿದೆ. ಬದುಕಿರುವ ಮಕ್ಕಳು ಎನ್ನುವ ಕಡೆ ಸೊನ್ನೆ.

ಇದೇನಮ್ಮ ಎರಡು ಎಂದು ಕೇಳಿದೆ. ಆಶಾ ಕಾರ್ಯಕರ್ತೆ ಒಳಬಾಗಿಲ ಕಡೆ ನೋಡಿದಳು. ರೂಪಶ್ರೀ ನೀರಿನ ಲೋಟ ಹಿಡಿದು ಅಲ್ಲಿ ನಿಂತಿದ್ದಳು. ಬರೆದವರು ತಪ್ಪು ಬರೆದಿರಬೇಕು ಎಂದು ಹೇಳಿ ಆಶಾ ಕಾರ್ಯಕರ್ತೆ ನೀರೂ ಕುಡಿಯದೆ ಎದ್ದು ಹೋದಳು. ತಪ್ಪು ಬರೆದಿದ್ದರೆ ತಿದ್ದಬೇಕಿತ್ತು, ಓಡಿಹೋಗುವುದೇಕೆ?

ನಮ್ಮ ಮನೆಯಲ್ಲಿ ಇದು ಮೊದಲನೆಯದು. ಹಾಗಿದ್ದರೆ ಇನ್ನೊಂದು ಯಾವ ಮನೆಯಲ್ಲಿ ಆಯಿತು?

12 ಫೆಬ್ರವರಿ, ಬುಧವಾರ

ಮದುವೆಗೆ ಮುಂಚೆ ಎರಡು ವರ್ಷ ಇವಳು ಹಾಸನದಲ್ಲಿ ಯಾವುದೋ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಪಿ.ಜಿ.ಯಲ್ಲಿ ಇದ್ದಳಂತೆ. ಆಗ ನಾನು ವಿಚಾರಿಸಬೇಕಿತ್ತು. ಹುಡುಗಿ ತಲೆ ಬಗ್ಗಿಸಿ ಮಾತಾಡುತ್ತಾಳೆ ಎಂದು ಮೆಚ್ಚಿ ಒಪ್ಪಿಕೊಂಡೆ. ತಲೆ ಬಗ್ಗಿಸುವವರು ಏನು ಮುಚ್ಚಿಡಲು ಬಗ್ಗಿಸುತ್ತಾರೆ ಎಂದು ಯೋಚಿಸಲಿಲ್ಲ.

ಇವತ್ತು ಬಚ್ಚಲಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಕಿಟಕಿಯ ಕೆಳಗೆ ನಿಂತು ನಾನು ಒಂದೇ ಕೊಳಗವನ್ನು ನಾಲ್ಕು ಸಲ ತೊಳೆದೆ. ‘ಬೇಡಮ್ಮ, ನೀನು ಬಂದು ಏನೂ ಕೇಳ್ಬೇಡ’ ಎಂದಷ್ಟೇ ಕೇಳಿಸಿತು.

ಯಜಮಾನರಿಗೆ ಹೇಳಿದೆ. ಕಾರ್ಡಿನ ವಿಷಯ, ಚುಕ್ಕೆಯ ವಿಷಯ ಎಲ್ಲ ಹೇಳಿದೆ. ‘ಲೇ, ಮಗ ಆಗೋ ಹೊತ್ನಲ್ಲಿ ನಿಂಗ್ಯಾಕೆ ಪೊಲೀಸ್ನೋರ ಕೆಲ್ಸ’ ಎಂದರು. ಟಿವಿಯಲ್ಲಿ ಕಬಡ್ಡಿ ಬರುತ್ತಿತ್ತು.

16 ಫೆಬ್ರವರಿ, ಭಾನುವಾರ

ಅವರೆಕಾಯಿ ಕೊಟ್ಟು ಬರುತ್ತೇನೆ ಎಂದು ಯಜಮಾನರಿಗೆ ಹೇಳಿ ಒಬ್ಬಳೇ ಅರಕಲಗೂಡಿಗೆ ಹೋಗಿದ್ದೆ. ಹಾಸನದಲ್ಲಿ ಬಸ್ಸು ಬದಲಾಯಿಸಬೇಕು. ಹೊರಡುವ ಮುಂಚೆ ಸೊಸೆಯ ಫೋನು ಬೀಗತಿಗೆ ಹೋಗದಿರಲಿ ಎಂದು, ಹೊಳೆನರಸೀಪುರಕ್ಕೆ ನನ್ನ ತವರಿಗೆ ಹೋಗುತ್ತೇನೆ ಎಂದು ಅವಳಿಗೆ ಹೇಳಿದ್ದೆ. ಸುಳ್ಳು ಹೇಳಿದವಳ ಹತ್ತಿರ ನಿಜ ಹೇಳುವ ಅಗತ್ಯ ಕಾಣಲಿಲ್ಲ.

ಬೀಗತಿ ರೇವಮ್ಮ ರವಿಕೆ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಮಷೀನು ನಿಲ್ಲಿಸಿದಳು. ಬೀಗರು ತೋಟಕ್ಕೆ ಹೋಗಿದ್ದರು. ಕಾಫಿ ಕೊಟ್ಟಳು. ನಾನು ಅರ್ಧ ಕುಡಿದು ಕೆಳಗಿಟ್ಟೆ.

‘ಕಾರ್ಡಲ್ಲಿ ಎರಡನೇದು ಅಂತ ಬರ್ದದೆ. ಮೊದಲ್ನೇದು ಯಾವ್ದು ಬೀಗ್ತಿ?’

ಅವಳು ದಾರ ಸುತ್ತಿ ಮುಗಿಸಿದಳು. ಆಮೇಲೆ ನನ್ನನ್ನು ನೇರವಾಗಿ ನೋಡಿದಳು. ಈ ಎರಡು ವರ್ಷದಲ್ಲಿ ಅವಳು ಹಾಗೆ ನೋಡಿದ್ದು ಇದೇ ಮೊದಲು.

‘ಇದ ಕೇಳಕ್ಕೆ ಇಷ್ಟು ದೂರ ಬಂದ್ರಾ ಅಕ್ಕ? ನಿಮ್ಮನೇಲೇ ಆಗಿದ್ದು ಕಣ. ನಿಮ್ ಹಿತ್ಲಲ್ಲೇ. ಅದ್ರ ಮೇಲೆ ನನ್ನ ಕೇಳ್ಬ್ಯಾಡಿ, ಬಾಯ್ ಬಿಡಲ್ಲ ಅಂತ ಮಗ್ಳಿಗೆ ಮಾತು ಕೊಟ್ಟಿವ್ನಿ.’

ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಯೋಚಿಸಿದೆ. ಮಗಳ ಮೇಲಿನ ಮಾತನ್ನು ನಮ್ಮ ಹಿತ್ತಲಿಗೆ ತಿರುಗಿಸಿದ ಜಾಣತನ ನೋಡು. ನಮ್ಮ ಹಿತ್ತಲಲ್ಲಿ ನನಗೆ ಗೊತ್ತಿಲ್ಲದೆ ಏನಾಗುತ್ತದೆ? ಕೋಳಿ ಮೊಟ್ಟೆ ಇಟ್ಟರೂ ನನಗೆ ಗೊತ್ತಾಗುತ್ತದೆ.

17 ಫೆಬ್ರವರಿ, ಸೋಮವಾರ

ಹೋದ ವರ್ಷದ ಕ್ಯಾಲೆಂಡರು ಅದೇ ಮೊಳೆಯಲ್ಲಿ, ಹೊಸದರ ಹಿಂದೆ ನೇತಾಡುತ್ತಿದೆ. ಬಿಚ್ಚಿ ತಂದು ಒಂದೊಂದೇ ಹಾಳೆ ತಿರುಗಿಸಿದೆ.

ಮಾರ್ಚಿಗೆ ಚುಕ್ಕೆ ಇದೆ. ಏಪ್ರಿಲ್ ಆರಕ್ಕೆ ಇದೆ. ಮೇ ತಿಂಗಳಲ್ಲಿ ಇಲ್ಲ. ಜೂನ್ ಮೂರಕ್ಕೆ ಇದೆ. ಜೂನ್ ಮೂರರ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ, ‘ಏಳು ದಿನ. ಮೈಗಳ್ಳತನ’ ಎಂದಿದೆ.

ಬರೆದ ನೆನಪಿದೆ. ಮೂರು ದಿನಕ್ಕೆ ಎದ್ದು ತಲೆಗೆ ಸ್ನಾನ ಮಾಡಿ ಒಳಗೆ ಬರಬೇಕಾದವಳು ಏಳು ದಿನ ಬರಲಿಲ್ಲ. ಆಗ ರಾಗಿ ಹೊಲ ಉಳುವ ಸಮಯ, ಆಳುಗಳಿಗೆ ಅಡಿಗೆ ನಾನೊಬ್ಬಳೇ ಬೇಯಿಸಿದೆ. ಇನ್ನೂ ಹೋಗುತ್ತಿದೆ ಎಂದಳು. ತಟ್ಟೆ ಬಾಗಿಲ ಹೊರಗಿಟ್ಟು ಬರುತ್ತಿದ್ದೆ. ಎರಡು ದಿನ ತಟ್ಟೆ ಹಾಗೇ ಇತ್ತು, ನಾಯಿಗೆ ಹಾಕಿದೆ. ಊಟ ಚೆಲ್ಲಿದಳು ಎಂದು ಬೈದೂ ಇದ್ದೆ.

ಏಪ್ರಿಲ್ ಆರರಿಂದ ಜೂನ್ ಮೂರಕ್ಕೆ ಐವತ್ತೆಂಟು ದಿನ. ಮೂರು ಸಲ ಎಣಿಸಿದೆ.

ಆಗ ನಾನೇಕೆ ಎಣಿಸಲಿಲ್ಲ ಎಂದು ಯಾರಾದರೂ ಕೇಳಬಹುದು. ಮೇ ತಿಂಗಳಲ್ಲಿ ನನ್ನ ತಮ್ಮನ ಮಗಳ ಮದುವೆಯಿತ್ತು. ಹದಿನೈದು ದಿನ ನಾನು ಊರಲ್ಲೇ ಇರಲಿಲ್ಲ.

ಒಂದು ವೇಳೆ ಇವಳೇ ಏನಾದರೂ ಮಾತ್ರೆ ನುಂಗಿರಬಹುದಲ್ಲ? ಕೆಲಸಕ್ಕೆ ಹೋಗಬೇಕು ಎನ್ನುತ್ತಿದ್ದಳು ಆಗ. ಅದನ್ನು ತಳ್ಳಿಹಾಕುವ ಹಾಗಿಲ್ಲ. ನಾಳೆ ಕೇಳಿಯೇ ಬಿಡುತ್ತೇನೆ.

18 ಫೆಬ್ರವರಿ, ಮಂಗಳವಾರ

ಕೇಳಿದೆ.

ಮಧ್ಯಾಹ್ನ ಹಿತ್ತಲ ಜಗಲಿಯ ಮೇಲೆ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಕ್ಯಾಲೆಂಡರನ್ನು ಅವಳ ಮುಂದೆ ಇಟ್ಟೆ. ಜೂನ್ ಹಾಳೆಯಲ್ಲಿ ನಾನು ಬರೆದದ್ದನ್ನು ಅವಳು ಓದಿದಳು. ಅಳುತ್ತಾಳೆ, ಆಗ ನಿಜ ಯಾವುದು, ನಾಟಕ ಯಾವುದು ಎಂದು ನೋಡಿಬಿಡೋಣ ಎಂದುಕೊಂಡಿದ್ದೆ. ಅಳಲಿಲ್ಲ. ಕೈಯಲ್ಲಿದ್ದ ಕಾಳು ಹಿತುಕಿ ಮುಗಿಸಿ ಮಾತಾಡಿದಳು.

‘ಎರಡು ತಿಂಗ್ಳು ನಿಂತಿತ್ತು ಅತ್ತೆ. ಗ್ಯಾರಂಟಿ ಆಗ್ಲಿ, ಆಮೇಲೆ ಹೇಳನ ಅಂತಿದ್ದೆ. ಜೂನ್ ಮೂರಕ್ಕೆ ಕಾಣಿಸ್ಕೊಳ್ತು. ಕಾಣಿಸ್ಕೊಂಡ ಮೇಲೆ ಒಳಗೆ ಬರೋ ಹಂಗಿಲ್ವಲ್ಲ, ಕೋಣೆಗೆ ಹೋದೆ. ಮಾರನೇ ದಿನ ಸಾಯಂಕಾಲ ಹೊಟ್ಟೆ ಕಿತ್ತು ಬರ್ತಿತ್ತು. ಅತ್ತೆ ಅಂತ ಕೂಗ್ದೆ. ಎಲ್ರಿಗೂ ಆಗೋದೇ, ಮಲಿಕೋ ಅಂದ್ರಿ. ಇನ್ನೊಂದ್ಸಲ ಕೂಗ್ದೆ. ದೀಪ ಹಚ್ಚೋ ಹೊತ್ತು ಅಂತ ಹಿತ್ಲ ಬಾಗ್ಲು ಹಾಕ್ಕಂಡ್ರಿ.’

ಅವಳು ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು.

‘ಅಲ್ಲೇ ಹೋಯ್ತು. ನಾನೇ ತೊಳ್ದೆ. ನಾನೇ ಹಿತ್ಲಲ್ಲಿ ಮಣ್ಣು ಮಾಡ್ದೆ.’

ಫೋನು ಮನೆಯೊಳಗೆ ಚಾರ್ಜಿಗೆ ಹಾಕಿತ್ತಂತೆ. ಸುದರ್ಶನನಿಗೆ ಹೇಳಿದ್ದು ಎಂಟನೆಯ ದಿನ, ಒಳಗೆ ಬಂದ ಮೇಲೆ. ಈ ಸಲ ನಿಂತದ್ದು ಗೊತ್ತಾದ ಕೂಡಲೇ ಡಾಕ್ಟರು ಮೂರು ತಿಂಗಳು ಭಾರ ಎತ್ತಬೇಡ, ಆದಷ್ಟು ಮಲಗಿರು ಎಂದರಂತೆ. ನಿಮಗೆ ಹೇಳಿದ್ದರೆ ಮಲಗಲು ಬಿಡುತ್ತಿದ್ದಿರಾ ಎಂದು ಕೇಳಿದಳು. ಕೇಳಿ, ಉತ್ತರಕ್ಕೂ ಕಾಯದೆ ಸಿಪ್ಪೆ ಬುಟ್ಟಿ ತೆಗೆದುಕೊಂಡು ಕೊಟ್ಟಿಗೆಯ ಕಡೆ ಹೋದಳು.

ಎಲ್ಲವನ್ನೂ ಗಂಟೆ, ಗಳಿಗೆ ಸಮೇತ ಹೇಳುತ್ತಾಳೆ. ಅಷ್ಟು ನೋವಿನಲ್ಲಿದ್ದವಳಿಗೆ ಎಷ್ಟು ಸಲ ಕೂಗಿದೆ ಎಂದು ಹೇಗೆ ನೆನಪಿರುತ್ತದೆ? ಎರಡು ಸಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ನನಗೆ ಕೇಳಿಸಿದ್ದು ಒಂದೇ ಸಲ.

19 ಫೆಬ್ರವರಿ, ಬುಧವಾರ

ತಲೆನೋವು.

23 ಫೆಬ್ರವರಿ, ಭಾನುವಾರ

ಸಗಣಿ ಬುಟ್ಟಿ ಮುಟ್ಟಬೇಡ ಎಂದು ಸೊಸೆಗೆ ಹೇಳಿದೆ. ಮಾಯಮ್ಮ ನೋಡಿದರೆ ಊರೆಲ್ಲ ಸಾರುತ್ತಾಳೆ, ಅದಕ್ಕೆ.

ಸುದರ್ಶನನನ್ನು ಕೂರಿಸಿಕೊಂಡು ಕೇಳಿದೆ. ಹೊರಗಾದೆ ಎಂದು ಸುಳ್ಳು ಹೇಳಲು ಅವಳಿಗೆ ಹೇಳಿಕೊಟ್ಟವನು ಇವನೇ. ಕೊರಳಲ್ಲಿ ಮಾಲೆ ಇಟ್ಟುಕೊಂಡು ಹೆತ್ತ ತಾಯಿಗೆ ಸುಳ್ಳು ಹೇಳಿದೆಯಲ್ಲೋ ಎಂದೆ.

‘ಹೇಳ್ದೆ ಕಣವ್ವ. ಬೆಟ್ಟ ಹತ್ತುವಾಗ ಅಯ್ಯಪ್ಪಂಗೂ ಅದನ್ನೇ ಹೇಳ್ದೆ. ಅವನು ಏನೂ ಅನ್ನಲಿಲ್ಲ.’

ಚಿಕ್ಕವನಿದ್ದಾಗ ಇವನು ಒಂದು ಬೆಲ್ಲದ ಚೂರು ಕದ್ದರೂ ಮುಖದಲ್ಲಿ ಗೊತ್ತಾಗುತ್ತಿತ್ತು. ಎರಡು ತಿಂಗಳು ನನ್ನ ಎದುರಿಗೆ ಕೂತು ಉಂಡಿದ್ದಾನೆ, ಗೊತ್ತಾಗಲಿಲ್ಲ.

9 ಮೇ, ಶುಕ್ರವಾರ

ಸೀಮಂತ ಮುಗಿಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ಸರಿ. ಬಳೆ ತೊಡಿಸಿ, ಮಡಿಲು ತುಂಬಿ ಕಳಿಸಿದೆವು. ಹಸಿರು ಸೀರೆಯಲ್ಲಿ ಹುಡುಗಿ ಚೆನ್ನಾಗಿ ಕಾಣುತ್ತಿದ್ದಳು. ಹಾಗೆಂದು ಯಾರಿಗೂ ಹೇಳಲಿಲ್ಲ, ದೃಷ್ಟಿಯಾಗುತ್ತದೆ.

ಪಾತ್ರೆ ತೊಳೆಯುವ ಕಡೆ ಮಾಯಮ್ಮ ನನ್ನ ಸೆರಗು ಎಳೆದು, ‘ಅನಸೂಯಕ್ಕ, ಬೀಗ್ತಿ ಏನೋ ಗುಸುಗುಸು ಮಾಡ್ತಿದ್ಲು. ಮಗಳ್ನ ಇನ್ ಈ ಮನೆಗೆ ಕಳ್ಸಲ್ವಂತೆ. ದುದ್ದದಲ್ಲೇ ಅಂಗಡಿ ಹಿಂದೆ ಮನೆ ಮಾಡ್ಕಳಿ ಅಂತ ಅಳೀಮಯ್ಯಂಗೆ ಹೇಳ್ತಿದ್ಲು’ ಎಂದಳು. ಮಾಯಮ್ಮನ ಮಾತಿನಲ್ಲಿ ಅರ್ಧ ಸೇರಿಸಿದ್ದು. ಉಳಿದ ಅರ್ಧ ನಿಜವಿರುತ್ತದೆ.

ಕಾರು ಹತ್ತುವಾಗ ನಾನೇ ರೇವಮ್ಮನಿಗೆ ಹೇಳಿದೆ, ಮೂರನೇ ತಿಂಗಳಿಗೆ ಬಾಣಂತಿ, ಮಗುವನ್ನು ಕರೆದುಕೊಂಡು ಬರಲು ಬರುತ್ತೇವೆ ಎಂದು.

‘ಹೆರಿಗೆ ಆಗ್ಲಿ ಅಕ್ಕ. ಆಮೇಲೆ ನೋಡನ.’

ನೋಡನ ಎಂದರೆ ಏನು? ನಮ್ಮ ಮನೆಯ ಮಗು ನಮ್ಮ ಮನೆಗೆ ಬರುವುದರಲ್ಲಿ ನೋಡುವುದು ಏನಿದೆ? ಆದರೂ ನಗುತ್ತಲೇ ಕೈ ಬೀಸಿದೆ. ಜನ ನೋಡುತ್ತಿದ್ದರು.

15 ಜೂನ್, ಭಾನುವಾರ

ನಾನು ಫೋನು ಮಾಡುವುದಿಲ್ಲ. ಯಜಮಾನರು ಮಾಡುತ್ತಾರೆ. ಆ ಹೊತ್ತಿಗೆ ನನಗೆ ಅಲ್ಲೇ ಹೂ ಕಟ್ಟುವ ಕೆಲಸವಿರುತ್ತದೆ. ಕಾಲು ಊದಿದೆಯಾ ಕೇಳಿ ಎಂದು ಸನ್ನೆ ಮಾಡಿದರೆ ಅವರಿಗೆ ತಿಳಿಯುವುದಿಲ್ಲ, ‘ಏನು, ಕಾಲು ನೋವಾ ನಿಂಗೆ’ ಎಂದು ನನ್ನನ್ನೇ ಕೇಳುತ್ತಾರೆ. ಆ ಕಡೆ ಅವಳಿಗೆ ಎಲ್ಲ ಕೇಳಿಸುತ್ತದೆ.

8 ಜುಲೈ, ಮಂಗಳವಾರ

ತುಪ್ಪ ಕಾಯಿಸಿ ಡಬ್ಬಿಯಲ್ಲಿ ಕಳಿಸಿದ್ದೆ. ನನ್ನ ಹಳೆಯ ಮೆತ್ತನೆ ಸೀರೆಗಳನ್ನು ಹರಿದು, ಬಿಸಿನೀರಲ್ಲಿ ಕುದಿಸಿ, ಮಡಿಸಿ ಕಳಿಸಿದ್ದೆ. ಡಬ್ಬಿ ವಾಪಸು ಬಂತು. ಖಾಲಿ ಕಳಿಸಬಾರದೆಂದು ಸಕ್ಕರೆ ತುಂಬಿ ಕಳಿಸಿದ್ದಾರೆ. ಒಂದು ಮಾತು ಕಳಿಸಿಲ್ಲ.

ತುಪ್ಪ ತಿಂದಳೋ ಇಲ್ಲವೋ.

11 ಆಗಸ್ಟ್, ಸೋಮವಾರ

ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಹಾಸನದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ಮೂರು ಕೇಜಿಗೆ ಸ್ವಲ್ಪ ಕಡಿಮೆ. ಹಣೆ ನಮ್ಮ ಯಜಮಾನರದ್ದೇ.

ನಾವು ಹೋಗುವ ಹೊತ್ತಿಗೆ ಎರಡು ಗಂಟೆ. ಪುರುಡಿನ ಹತ್ತು ದಿನ ಮುಟ್ಟುವ ಹಾಗಿಲ್ಲವಲ್ಲ, ನಾನು ವಾರ್ಡಿನ ಬಾಗಿಲ ಹತ್ತಿರವೇ ನಿಂತು ನೋಡಿದೆ. ರೇವಮ್ಮ ಮಗುವನ್ನು ಎತ್ತಿ ತೋರಿಸಿದಳು. ನನ್ನ ಕೈಗೆ ಕೊಡಲು ಬರಲಿಲ್ಲ. ಪದ್ಧತಿಗೆ ಕೊಡಲಿಲ್ಲವೋ, ಮನಸ್ಸಿಲ್ಲದೆ ಕೊಡಲಿಲ್ಲವೋ ಎಂದು ಅವಳ ಮುಖ ನೋಡಿದೆ. ತಿಳಿಯಲಿಲ್ಲ.

ಮೂರು ಗಂಟೆಗೆ ರೇವಮ್ಮ ಊಟಕ್ಕೆ ಹೋದಳು. ಸುದರ್ಶನ ಔಷಧಿ ಅಂಗಡಿಗೆ ಹೋಗಿದ್ದ. ಯಜಮಾನರು ಕೆಳಗೆ ಯಾರಿಗೋ ಸಿಹಿ ಕೊಡುತ್ತಿದ್ದರು. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ನಾನೊಬ್ಬಳೇ. ರೂಪಶ್ರೀ ಕಣ್ಣು ಮುಚ್ಚಿದ್ದಳು.

ಅವಳು ಕೂಗಲಿಲ್ಲ. ಅದನ್ನು ಬರೆದಿಡುತ್ತೇನೆ. ನಾನು ಅಲ್ಲಿರುವುದು ಅವಳಿಗೆ ಗೊತ್ತಿತ್ತು. ಆದರೂ ಕೂಗಲಿಲ್ಲ. ತುಟಿ ಕಚ್ಚಿಕೊಂಡು ಅಮ್ಮನ ದಾರಿ ನೋಡುತ್ತಿದ್ದಳು. ತುಟಿಯ ಬಣ್ಣ ನನಗೆ ಸರಿ ಕಾಣಲಿಲ್ಲ. ಹಣೆಯಲ್ಲಿ ಬೆವರಿತ್ತು. ಫ್ಯಾನಿನ ಕೆಳಗೆ ಮಲಗಿದವಳಿಗೆ ಬೆವರೇಕೆ? ಎದ್ದು ಹತ್ತಿರ ಹೋಗಿ ಏನಾಗುತ್ತಿದೆ ಎಂದು ಕೇಳಿದೆ.

‘ಏನಿಲ್ಲ ಅತ್ತೆ. ಅಮ್ಮ ಬರ್ಲಿ.’

ನಾನು ನಂಬಲಿಲ್ಲ. ನರ್ಸನ್ನು ಕರೆದೆ. ಅವಳು ದೂರದಿಂದಲೇ, ‘ಹೆರಿಗೆ ಆದ್ಮೇಲೆ ಹೋಗ್ತದೆ ಅಜ್ಜಿ, ಮಾಮೂಲು, ಕೂತ್ಕಳಿ’ ಎಂದಳು. ಅವಳನ್ನೂ ನಂಬಲಿಲ್ಲ. ಹೊದಿಕೆ ಎತ್ತಿ ನೋಡಿದೆ. ಬಟ್ಟೆ ಬದಲಾಯಿಸಿ ಅರ್ಧ ಗಂಟೆಯಾಗಿರಲಿಲ್ಲ. ಹಾಸಿಗೆಯೆಲ್ಲ ಕೆಂಪು. ಅವಳ ಸೊಂಟದ ಕೆಳಗೆ ಕೈ ಹಾಕಿ ನೋಡಿದೆ, ಬಿಸಿಯಾಗಿ ಹರಿಯುತ್ತಲೇ ಇತ್ತು.

ಆ ಕೈಯನ್ನು ಹಾಗೇ ಹಿಡಿದುಕೊಂಡು ಹೋಗಿ ನರ್ಸಿನ ಮೇಜಿನ ಮೇಲೆ, ಅವಳ ಪುಸ್ತಕದ ಮೇಲೆ ಊರಿದೆ.

‘ಇದು ಮಾಮೂಲಾ? ಏಳು ಮೇಲೆ. ಡಾಕ್ಟ್ರನ್ನ ಕರಿ. ನೀನು ಹೋಗಿ ಕರ್ಕೊಂಡು ಬರೋಗಂಟ ನಾನು ಇಲ್ಲೇ ನಿಂತಿರ್ತೀನಿ.’

ಅವಳು ಓಡಿದಳು. ಡಾಕ್ಟರಮ್ಮ ಬಂದರು. ಆಮೇಲೆ ನಾಲ್ಕೈದು ಜನ ಬಂದರು. ನನ್ನನ್ನು ಹೊರಗೆ ಹೋಗಿ ಎಂದರು. ರೂಪಶ್ರೀ ನನ್ನ ಸೆರಗು ಹಿಡಿದಿದ್ದಳು. ಯಾವಾಗ ಹಿಡಿದಳೋ ಗೊತ್ತಿಲ್ಲ. ನಾನು ಹೋಗಲಿಲ್ಲ. ತಲೆಯ ಕಡೆ ನಿಂತು ಅವಳ ಮುಖ ಹಿಡಿದುಕೊಂಡೆ. ಎರಡು ಬಾಟಲಿ ರಕ್ತ ಹಾಕಿದರು. ಐದು ಗಂಟೆಗೆ ನಿಂತಿತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಸುದರ್ಶನನಿಗೆ ಹೇಳಿದರು. ಅವನು ಗೋಡೆಗೆ ಒರಗಿ ಕೂತುಬಿಟ್ಟ.

ರೇವಮ್ಮ ಬಂದು ನನ್ನ ಸೀರೆ ನೋಡಿದಳು. ಮಗುವನ್ನು ತಂದು ನನ್ನ ಮಡಿಲಲ್ಲಿ ಮಲಗಿಸಿ ಮಗಳ ಹತ್ತಿರ ಹೋದಳು.

ಇವತ್ತು ಬೆಳಿಗ್ಗೆ ಮನೆಗೆ ಬಂದೆ. ಹಾಲು ಕಾಯಿಸಿ ಹೆಪ್ಪು ಹಾಕುವಾಗ ಯಜಮಾನರು, ‘ಪುರುಡು ಅಲ್ವಾ, ಸ್ನಾನ ಮಾಡ್ದ್ಯಾ’ ಎಂದರು. ಮರೆತೇ ಹೋಗಿತ್ತು. ದಣಿವಿಗೆ ಮರೆತಿರಬೇಕು. ಹೆಪ್ಪು ಹಾಕಿ ಮುಗಿಸಿ ಹೋಗಿ ಮಲಗಿದೆ.

24 ಆಗಸ್ಟ್, ಭಾನುವಾರ

ಅರಕಲಗೂಡಿಗೆ ಹೋಗಿ ಬಂದೆವು. ಬಾಣಂತಿ ಚೇತರಿಸಿಕೊಂಡಿದ್ದಾಳೆ. ಮಗುವಿಗೆ ಧನ್ವಿಕಾ ಎಂದು ಹೆಸರಿಡುತ್ತಾರಂತೆ. ನನ್ನ ನಾಲಿಗೆಗೆ ತಿರುಗುವುದಿಲ್ಲ. ಪುಟ್ಟಿ ಎಂದರೆ ಸಾಕು.

ಕರೆದುಕೊಂಡು ಹೋಗುವ ಮಾತು ತೆಗೆದೆ. ರೇವಮ್ಮ ಸುಮ್ಮನೆ ಮಗಳ ಕಡೆ ನೋಡಿದಳು. ಆಸ್ಪತ್ರೆಯ ಆ ದಿನದ ಮೇಲೆ ಎಲ್ಲ ಸರಿಹೋಯಿತು ಎಂದು ನಾನು ತಿಳಿದಿದ್ದೆ.

‘ಬತ್ತೀನಿ ಅತ್ತೆ’ ಎಂದಳು ರೂಪಶ್ರೀ. ‘ಆದ್ರೆ ಆ ಕೋಣೆಗೆ ಇನ್ನು ಕಾಲಿಡಲ್ಲ. ಇವ್ಳೂ ಇಡಲ್ಲ, ದೊಡ್ಡೋಳಾದ್ಮೇಲೂ. ಅದಾಗಲ್ಲ ಅಂದ್ರೆ ಹೇಳ್ಬಿಡಿ, ನಾವು ದುದ್ದದಲ್ಲಿ ಮನೆ ನೋಡ್ಕೋತೀವಿ.’

ನಮ್ಮ ಮನೆಯ ಪದ್ಧತಿ ಅದು, ನನ್ನ ಅತ್ತೆಯ ಕಾಲದಿಂದ ಬಂದದ್ದು ಎಂದೆ. ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಮಗುವಿಗೆ ಹಾಲು ಕುಡಿಸುತ್ತಾ, ‘ಗೊತ್ತು ಅತ್ತೆ’ ಎಂದಳು, ಅಷ್ಟೇ.

ಇದನ್ನು ಇವಳಿಗೆ ಯಾರು ಹೇಳಿಕೊಟ್ಟರು? ರೇವಮ್ಮನೇ ಇರಬೇಕು. ಇಲ್ಲವೇ ಸುದರ್ಶನ. ಜೀವ ಉಳಿಸಿದವಳಿಗೆ ಷರತ್ತು ಹಾಕುತ್ತಾರೆಯೇ?

14 ಸೆಪ್ಟೆಂಬರ್, ಭಾನುವಾರ

ಇವತ್ತು ಒಂದು ಪರೀಕ್ಷೆ ಮಾಡಿದೆ.

ಯಜಮಾನರನ್ನು ಅಡಿಗೆಮನೆಯಲ್ಲಿ ಒಲೆಯ ಹತ್ತಿರ ನಿಲ್ಲಿಸಿದೆ. ಯಾಕೆ ಎಂದು ಕೇಳಿದರು. ನಿಂತುಕೊಳ್ಳಿ ಎಂದೆ. ಹಿತ್ತಲ ಬಾಗಿಲು ಹಾಕಿಕೊಂಡು ಆ ಕೋಣೆಗೆ ಹೋದೆ. ಮುಟ್ಟು ನಿಂತು ಎಂಟು ವರ್ಷವಾಯಿತು, ಅಂದಿನಿಂದ ನಾನು ಅದರೊಳಗೆ ಹೋಗಿರಲಿಲ್ಲ. ಹೆಂಚಿನ ಸಂದಿಯಿಂದ ಬೆಳಕು ಬೀಳುತ್ತದೆ. ಗೋಡೆಯಾಚೆ ದನ ಮೈ ಉಜ್ಜುವುದು ಕೇಳಿಸುತ್ತದೆ. ಸುಣ್ಣ ಕಂಡು ಎಷ್ಟು ವರ್ಷವಾಯಿತೋ. ಹತ್ತು ನಿಮಿಷ ಕೂತೆ. ಆಮೇಲೆ, ಜೋರಾಗಲ್ಲ, ಶಕ್ತಿಯಿಲ್ಲದವರು ಕೂಗುವಷ್ಟೇ ದನಿಯಲ್ಲಿ ಎರಡು ಸಲ ಕೂಗಿದೆ.

ಒಳಗೆ ಬಂದು ಕೇಳಿದೆ.

‘ಕೇಳಿಸ್ತು ಕಣ್ಲೇ, ಎರಡು ಸಲ ಕೂಗ್ದೆ. ಅಲ್ಲೇನ್ ಮಾಡ್ತಿದ್ದೆ ನೀನು?’

ಬಾಗಿಲು ಹಾಕಿದ್ದರೂ ಕೇಳಿಸುತ್ತದೆ. ಎರಡು ಸಲವೂ ಕೇಳಿಸುತ್ತದೆ.

15 ಸೆಪ್ಟೆಂಬರ್, ಸೋಮವಾರ

ಅಡಿಗೆ ಮಾಡಲಿಲ್ಲ. ಮಾಯಮ್ಮ ಮುದ್ದೆ, ಸಾರು ತಂದುಕೊಟ್ಟಳು. ಹುಷಾರಿಲ್ಲವಾ ಎಂದಳು. ಹೌದು ಎಂದೆ.

21 ಅಕ್ಟೋಬರ್, ಮಂಗಳವಾರ

ಸುದರ್ಶನನ ಅಂಗಡಿಯ ಗೋಡೆ ತೇವ ಹಿಡಿದು ಬೂಸಾ ಮೂಟೆ ಹಾಳಾಗುತ್ತಿದ್ದವು. ಹಿತ್ತಲ ಕೋಣೆ ಸುಮ್ಮನೆ ಖಾಲಿ ಬಿದ್ದಿತ್ತು. ನೆಲದಿಂದ ಹೆಂಚಿನವರೆಗೆ ಮೂಟೆ ಜೋಡಿಸಿದೆವು. ಒಬ್ಬ ಮನುಷ್ಯ ಕಾಲು ಮಡಚಿ ಕೂರಲೂ ಜಾಗವಿಲ್ಲ. ಮೂಟೆ ಇಡಲು ಬೇರೆ ಕಡೆ ಇರಲಿಲ್ಲ, ಅದಕ್ಕೆ ಮಾಡಿದ್ದು. ಇದರಲ್ಲಿ ಬೇರೆ ಅರ್ಥ ಹುಡುಕುವವರು ಹುಡುಕಿಕೊಳ್ಳಲಿ.

ಸೊಸೆಗೆ ಹೇಳಬೇಡಿ ಎಂದು ಯಜಮಾನರಿಗೆ ಎರಡು ಸಲ ಹೇಳಿದೆ. ಸಂಜೆಯೊಳಗೆ ಫೋಟೋ ತೆಗೆದು ಕಳಿಸಿಬಿಟ್ಟಿದ್ದಾರೆ.

25 ಅಕ್ಟೋಬರ್, ಶನಿವಾರ

ಫೋಟೋ ನೋಡಿದ್ದಾಳಂತೆ, ಫೋನಿನಲ್ಲಿ ನೀಲಿ ಗೆರೆ ಬಂದಿದೆಯಂತೆ. ಉತ್ತರವಿಲ್ಲ. ನಾಲ್ಕು ದಿನವಾಯಿತು.

ಮೂಟೆಗಳನ್ನು ಫೋಟೋಗಾಗಿ ಇಟ್ಟು ಆಮೇಲೆ ತೆಗೆದಿರಬಹುದು ಎಂದು ಯೋಚಿಸುತ್ತಿದ್ದಾಳೆ. ನನಗೆ ಗೊತ್ತು.

12 ನವೆಂಬರ್, ಬುಧವಾರ

ಬಂದಳು.

ಸುದರ್ಶನ ಕಾರು ನಿಲ್ಲಿಸಿದ. ರೇವಮ್ಮ, ಬೀಗರು ಇಬ್ಬರೂ ಬಂದಿದ್ದರು. ನಾನು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಾಯಮ್ಮನೂ ಅವಳ ಸೊಸೆಯಂದಿರೂ ನೋಡುತ್ತಾ ನಿಂತಿದ್ದರು. ರೂಪಶ್ರೀ ಇಳಿದು ಬಂದು, ಹೊಸಿಲಿನ ಹೊರಗೇ ನಿಂತಳು. ಆರತಿ ಎತ್ತುವುದಕ್ಕೆ ಮುಂಚೆಯೇ, ‘ಒಂದ್ ನಿಮಿಷ ಹಿಡ್ಕಳಿ ಅತ್ತೆ’ ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ತಟ್ಟೆಯನ್ನು ಗಡಿಬಿಡಿಯಲ್ಲಿ ಮಾಯಮ್ಮನಿಗೆ ಕೊಡಬೇಕಾಯಿತು.

ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ಹೋದಳು. ಕೋಣೆಯ ಅಗಳಿ ತೆಗೆದದ್ದು ಇಲ್ಲಿಯವರೆಗೆ ಕೇಳಿಸಿತು. ರೇವಮ್ಮ ನೆಲ ನೋಡುತ್ತಿದ್ದಳು. ಪುಟ್ಟಿ ನನ್ನ ಕೊರಳ ಸರ ಹಿಡಿದು ಜಗ್ಗುತ್ತಿತ್ತು. ಒಂದು ಮೂಟೆಯನ್ನು ಅವಳು ಕೈಯಿಂದ ತಟ್ಟಿ ನೋಡಿದಳೆಂದು ಕಾಣುತ್ತದೆ, ಆ ಸದ್ದೂ ಕೇಳಿಸಿತು. ಆಮೇಲೆ ಅಗಳಿ ಹಾಕಿ ಬಂದು, ಕಾಲು ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ನನ್ನ ಪಕ್ಕಕ್ಕೆ ನಿಂತಳು. ಈಗ ಎತ್ತಿ ಎಂದು ಮಾಯಮ್ಮನಿಗೆ ಹೇಳಿದಳು.

ಎಲ್ಲರ ಎದುರಿಗೆ ನನ್ನನ್ನು ನಂಬದೆ ಹೋಗಿ ನೋಡಿ ಬಂದಳಲ್ಲ ಎಂದು ಸಿಟ್ಟು ಬಂತು. ಆರತಿ ಎತ್ತಿ ಮುಗಿಯುವವರೆಗೂ ಇತ್ತು.

ಅವಳ ಜಾಗದಲ್ಲಿ ನಾನಿದ್ದಿದ್ದರೂ ನೋಡದೆ ಒಳಗೆ ಬರುತ್ತಿರಲಿಲ್ಲ.